ಜಾಂಬೋಟಿ ದಾರಿ ಮನಸ್ಸಿನಲ್ಲಿ ಏಕೆ ಉಳಿಯುತ್ತದೆ

ಬೆಳಗಾವಿಯಿಂದ ಗೋವಾಕ್ಕೆ ಖಾನಾಪುರ, ಲೋಂಡಾ ದಾಟಿ ಅನಮೋಡ ಘಟ್ಟ ಇಳಿದೂ ಹೋಗಬಹುದು, ಪೀರನವಾಡಿಯಲ್ಲಿ ಬಲಕ್ಕೆ ಹೊರಳಿ ಕಿಣಯೆ, ಕುಸಮಳಿ, ಜಾಂಬೋಟಿ, ಕಣಕುಂಬಿ ಹಾದು ಚೋರ್ಲಾ ಘಟ್ಟ ಇಳಿದೂ ಹೋಗಬಹುದು. ಈ ಎರಡನೆಯ ದಾರಿ ಹಿಡಿದವರು ಅದರ ಬಗ್ಗೆ ಮಾತಾಡುವ ರೀತಿಯೇ ಬೇರೆ. ಎಲ್ಲಿ ಚಹಾ ಕುಡಿದದ್ದು, ಎಲ್ಲಿ ಮಂಜು ಕವಿದದ್ದು, ಯಾವ ತಿರುವಿನಲ್ಲಿ ಮಗು ವಾಂತಿ ಮಾಡಿಕೊಂಡದ್ದು ಎಲ್ಲವೂ ಇಪ್ಪತ್ತು ವರ್ಷದ ಮೇಲೂ ಅವರಿಗೆ ನೆನಪಿರುತ್ತದೆ. ಅದೇ ಜನ ಪುಣೆಯ ಹೆದ್ದಾರಿಯಲ್ಲಿ ಅದಕ್ಕಿಂತ ಹೆಚ್ಚು ಸಲ ಓಡಾಡಿರುತ್ತಾರೆ. ಆ ಪ್ರಯಾಣದ ಬಗ್ಗೆ ಕೇಳಿ ನೋಡಿ: ಟೋಲ್ ನಾಕಾ, ಒಂದೆರಡು ಹೋಟೆಲು, ಅಷ್ಟೇ.

ಹಳೆಯ ರಸ್ತೆಗಳ ಮೇಲಿನ ಈ ಮೋಹ ಅಮೆರಿಕದಲ್ಲಿ ದೊಡ್ಡ ಉದ್ಯಮವೇ ಆಗಿದೆ. ಶಿಕಾಗೊದಿಂದ ಸಾಂಟಾ ಮೋನಿಕಾವರೆಗೆ ಸುಮಾರು 3,900 ಕಿ.ಮೀ. ಉದ್ದದ ‘ರೂಟ್ 66’ ಹೆದ್ದಾರಿ ಹುಟ್ಟಿದ್ದು 1926ರಲ್ಲಿ. 1956ರ ಹೆದ್ದಾರಿ ಕಾಯ್ದೆಯ ನಂತರ ಅಗಲವಾದ, ನೇರವಾದ ಅಂತರರಾಜ್ಯ ಹೆದ್ದಾರಿಗಳು ಅದರ ಪಕ್ಕದಲ್ಲೇ ಎದ್ದವು. 1985ರಲ್ಲಿ ರೂಟ್ 66 ಅಧಿಕೃತ ಪಟ್ಟಿಯಿಂದಲೇ ಹೊರಬಿತ್ತು. ಎರಡೇ ವರ್ಷದಲ್ಲಿ ಅರಿಜೋನಾದ ಸೆಲಿಗ್ಮನ್ ಎಂಬ ಸಣ್ಣ ಊರಿನ ಕ್ಷೌರಿಕ ಏಂಜೆಲ್ ಡೆಲ್ಗಾಡಿಲೊ ಮುಂದಾಳತ್ವದಲ್ಲಿ ಅದನ್ನು ಉಳಿಸುವ ಸಂಘ ಹುಟ್ಟಿತು. ಇಂದು ಆ ಹಳೆಯ ಡಾಂಬರಿನ ಮೇಲೆ ನಿಧಾನವಾಗಿ ಹೋಗಲೆಂದೇ ಜನ ಬೇರೆ ಬೇರೆ ದೇಶಗಳಿಂದ ಬರುತ್ತಾರೆ. ನಮ್ಮಲ್ಲಿ ಪೂನಾ-ಬೆಂಗಳೂರು ರಸ್ತೆಗೂ ಹೀಗೇ ಆಯಿತು. ಸುವರ್ಣ ಚತುಷ್ಪಥ ಯೋಜನೆಯ ಬೈಪಾಸು ಊರಾಚೆ ಹೋದ ಮೇಲೆ, ಬೆಳಗಾವಿಯ ಒಳಗೆ ಉಳಿದ ತುಂಡು ‘ಹಳೇ ಪಿ.ಬಿ. ರೋಡ್’ ಆಯಿತು. ಹೊಸ ಹೆದ್ದಾರಿಯ ಸಂಖ್ಯೆ ನಾಲ್ಕರಿಂದ ನಲವತ್ತೆಂಟಕ್ಕೆ ಬದಲಾದರೂ ಊರಿನವರ ಬಾಯಲ್ಲಿ ಪಿ.ಬಿ. ರೋಡ್ ಹಾಗೇ ಇದೆ.

ಹಿಂದಿನದಕ್ಕೆ ಹಂಬಲಿಸುವುದನ್ನು 1688ರಲ್ಲಿ ಬಾಸೆಲ್‌ನ ವೈದ್ಯಕೀಯ ವಿದ್ಯಾರ್ಥಿ ಯೊಹಾನೆಸ್ ಹೋಫರ್ ಕಾಯಿಲೆ ಎಂದೇ ಬರೆದ. ಈಗಿನ ಮನಶ್ಶಾಸ್ತ್ರ ಹಾಗೆ ಹೇಳುವುದಿಲ್ಲ. ಸೌತಾಂಪ್ಟನ್ ವಿಶ್ವವಿದ್ಯಾಲಯದ ಕಾನ್‌ಸ್ಟಂಟೀನ್ ಸೆಡಿಕಿಡೆಸ್ ಮತ್ತು ಟಿಮ್ ವಿಲ್ಡ್‌ಶುಟ್ ಅವರ ಅಧ್ಯಯನಗಳ ಪ್ರಕಾರ ಇಂಥ ನೆನಪು ಒಂಟಿತನವನ್ನು ತಗ್ಗಿಸುತ್ತದೆ, ನಮ್ಮವರು ಇದ್ದಾರೆ ಎಂಬ ಧೈರ್ಯ ಕೊಡುತ್ತದೆ. ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಮುಂದೆ ಉಳಿದೆಲ್ಲಕ್ಕಿಂತ ದಟ್ಟವಾಗಿರುತ್ತವೆ ಎಂಬುದೂ ಗೊತ್ತಿದೆ. ಆದರೆ ವಯಸ್ಸೇ ಕಾರಣವಾಗಿದ್ದರೆ ಬಾಲ್ಯದಲ್ಲಿ ಹೋದ ಎಲ್ಲ ರಸ್ತೆಗಳೂ ಒಂದೇ ಸಮನೆ ಕಾಡಬೇಕಿತ್ತು. ಹಾಗಾಗುವುದಿಲ್ಲ. ರಸ್ತೆಯಲ್ಲೇ ಏನೋ ಇದೆ ಎಂದು ನಾನು ನಂಬಿದ್ದೇನೆ.

ನಮ್ಮ ಮಿದುಳು ಅನುಭವವನ್ನು ಎಡೆಬಿಡದೆ ದಾಖಲಿಸುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಜೆಫ್ರಿ ಝ್ಯಾಕ್ಸ್ ಮತ್ತು ಅವರಂಥ ಸಂಶೋಧಕರು ತೋರಿಸಿಕೊಟ್ಟಿರುವಂತೆ, ಏನಾದರೂ ಬದಲಾದ ಗಳಿಗೆಯಲ್ಲಿ ಅದು ಒಂದು ಘಟನೆಯನ್ನು ಮುಗಿಸಿ ಇನ್ನೊಂದನ್ನು ತೆರೆಯುತ್ತದೆ. ಈ ಗಡಿಗಳು ಹೆಚ್ಚಿದ್ದಷ್ಟೂ ನೆನಪಿನಲ್ಲಿ ಹಿಡಿಕೆಗಳು ಹೆಚ್ಚು. ಜಾಂಬೋಟಿ ದಾರಿ ಇಂಥ ಗಡಿಗಳಿಂದಲೇ ಕಟ್ಟಿದಂತಿದೆ. ಪೀರನವಾಡಿ ದಾಟುವಷ್ಟರಲ್ಲಿ ಊರು ಸಡಿಲವಾಗಿ ಗದ್ದೆ ಕಾಣುತ್ತದೆ. ಕುಸಮಳಿಯ ಹತ್ತಿರ ಮಲಪ್ರಭೆ ಅಡ್ಡ ಬರುತ್ತಾಳೆ. ಮಣ್ಣು ಕೆಂಪಾಗುತ್ತದೆ, ಮನೆಗಳ ಮೇಲೆ ಹೆಂಚು ಬರುತ್ತದೆ, ಅಂಗಡಿಯ ಮಾತು ಕನ್ನಡದಿಂದ ಮರಾಠಿಗೆ ಜಾರಿ ಕಣಕುಂಬಿಯ ಆಚೆ ಕೊಂಕಣಿಗೆ ತಿರುಗುತ್ತದೆ. ಜಾಂಬೋಟಿಯ ಪೇಟೆ ಮುಗಿಯುವ ಹೊತ್ತಿಗೆ ಕಾಡು ಶುರುವಾಗಿರುತ್ತದೆ.

ವೇಗದ ಲೆಕ್ಕವನ್ನೂ ನೋಡಬೇಕು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ, 30 ಕಿ.ಮೀ. ವೇಗದಲ್ಲಾದರೆ ಎಂಟು ಮೀಟರ್. ವೇಗ ಹೆಚ್ಚಿದಂತೆ ಹತ್ತಿರದ್ದೆಲ್ಲ ಕಲಸಿಹೋಗಿ ಕಣ್ಣು ದೂರದ ರಸ್ತೆಗೇ ಅಂಟಿಕೊಳ್ಳುತ್ತದೆ. ನಿಧಾನವಾಗಿ ಹೋದರೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕವಳಿ ಹಣ್ಣು ಮಾರುವ ಹೆಂಗಸಿನ ಮುಖವೂ ಕಾಣುತ್ತದೆ.

ಚೋರ್ಲಾದಲ್ಲಿ ನಿಧಾನ ನಮ್ಮ ಆಯ್ಕೆಯಲ್ಲ, ಭೂಮಿಯೇ ಅದನ್ನು ವಿಧಿಸುತ್ತದೆ. ಘಟ್ಟದ ಮೇಲಿನ ಎತ್ತರ ಸುಮಾರು 800 ಮೀಟರ್, ಕೆಳಗಿನ ಸಾಖಳಿ ಸಮುದ್ರಮಟ್ಟದ ಹತ್ತಿರ. ಇಪ್ಪತ್ತು ಮೀಟರ್ ಸಾಗಿದರೆ ಒಂದು ಮೀಟರ್ ಇಳಿಯುವುದು ಬೆಟ್ಟದ ರಸ್ತೆಗೆ ಒಪ್ಪುವ ಇಳಿಜಾರು. ಆ ಲೆಕ್ಕದಲ್ಲಿ 700 ಮೀಟರ್ ಇಳಿಯಲು 14 ಕಿ.ಮೀ. ರಸ್ತೆ ಬೇಕು, ಅಷ್ಟು ಉದ್ದವನ್ನು ಕಡಿದಾದ ಬೆಟ್ಟದ ಮೈಯಲ್ಲಿ ಹೊಂದಿಸಲು ಮಡಚುವುದೊಂದೇ ದಾರಿ. ತಿರುವಿನಲ್ಲಿ ವೇಗ ಇಮ್ಮಡಿಯಾದರೆ ಗಾಡಿಯನ್ನು ರಸ್ತೆಯಲ್ಲೇ ಹಿಡಿದಿಡಲು ನಾಲ್ಕು ಪಟ್ಟು ಬಲ ಬೇಕಾಗುತ್ತದೆ, ಹಾಗಾಗಿ ಬ್ರೇಕು ಒತ್ತದೆ ಗತಿಯಿಲ್ಲ. ಪ್ರತಿ ಹೊರಳಿಕೆಯನ್ನೂ ಕಿವಿಯೊಳಗಿನ ಅರ್ಧವರ್ತುಲ ನಾಳಗಳು ಗುರುತಿಸುತ್ತವೆ. ಒಳಗೆ ಕೂತ ಕಣ್ಣು ‘ನಾವು ಅಲುಗಾಡುತ್ತಿಲ್ಲ’ ಎನ್ನುತ್ತದೆ, ಕಿವಿ ‘ತಿರುಗುತ್ತಿದ್ದೇವೆ’ ಎನ್ನುತ್ತದೆ. ಈ ಜಗಳದಿಂದ ಹೊಟ್ಟೆ ತೊಳಸುತ್ತದೆ. ಕೆಂಪು ಬಸ್ಸಿನಲ್ಲಿ ನಿಂಬೆಹಣ್ಣು ಮೂಸುತ್ತ ಕಿಟಕಿಯಾಚೆ ನೋಡು ಎಂದು ಅಜ್ಜಿಯರು ಹೇಳುತ್ತಿದ್ದದ್ದರಲ್ಲಿ ಎರಡನೆಯ ಅರ್ಧ ಶುದ್ಧ ವಿಜ್ಞಾನ: ಹೊರಗೆ ನೋಡಿದಾಗ ಕಣ್ಣೂ ಕಿವಿಯೂ ಒಂದೇ ಮಾತು ಹೇಳುತ್ತವೆ.

ತಿರುವು ದೂರದ ಅಳತೆಯನ್ನೂ ಬದಲಿಸುತ್ತದೆ. ಒಂದೇ ಉದ್ದದ ಎರಡು ದಾರಿಗಳಲ್ಲಿ ಹೆಚ್ಚು ತಿರುವಿರುವುದು ಉದ್ದವೆನಿಸುತ್ತದೆ ಎಂದು ಸಡಾಲಾ ಮತ್ತು ಮಾಗೆಲ್ 1980ರಲ್ಲಿ ಪ್ರಯೋಗದಿಂದ ತೋರಿಸಿದರು. ಘಟ್ಟ ಮುಗಿದಾಗ ಬಹುದೂರ ಬಂದೆವೆನಿಸುವುದು ಇದಕ್ಕೇ.

ಇನ್ನು ವಾಸನೆ. ಕಣ್ಣು, ಕಿವಿಗಳ ಸುದ್ದಿ ಮಿದುಳಿನ ಥಲಾಮಸ್ ಎಂಬ ಕೇಂದ್ರದ ಮೂಲಕ ಹಾಯುತ್ತದೆ. ವಾಸನೆಯ ದಾರಿ ಮಾತ್ರ ಅದನ್ನು ಬಳಸದೆ, ಭಾವನೆ ಮತ್ತು ನೆನಪಿನ ಭಾಗಗಳಿಗೆ ತೀರ ಹತ್ತಿರದಿಂದ ಹೋಗುತ್ತದೆ. ಜಾಂಬೋಟಿ ಸುತ್ತ ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಯ ಮುಖ್ಯ ಘಟಕ ಜಿಯೋಸ್ಮಿನ್. ಅದನ್ನು ತಯಾರಿಸುವುದು ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ. ಹನಿ ರಂಧ್ರವಿರುವ ನೆಲಕ್ಕೆ ಬಡಿದಾಗ ಒಳಗೆ ಸಿಕ್ಕಿಬಿದ್ದ ಗಾಳಿ ಗುಳ್ಳೆಯಾಗಿ ಮೇಲೆದ್ದು ಒಡೆದು, ವಾಸನೆ ಹೊತ್ತ ಸೂಕ್ಷ್ಮ ತುಂತುರನ್ನು ಚಿಮ್ಮಿಸುತ್ತದೆ. 2015ರಲ್ಲಿ ಎಂಐಟಿಯ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾದಲ್ಲಿ ಇದನ್ನು ಸೆರೆಹಿಡಿದರು. ಗಾಜು ಏರಿಸಿ ಏಸಿ ಹಾಕಿಕೊಂಡು ಹೋಗುವವರಿಗೆ ಈ ನೆನಪು ದಕ್ಕುವುದಿಲ್ಲ.

ಕಣಕುಂಬಿಯಲ್ಲಿ ಗಾಡಿ ನಿಲ್ಲಿಸಲೇಬೇಕು. ಮಾವುಲಿ ದೇವಸ್ಥಾನದ ಹತ್ತಿರ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಮುನ್ನೂರು ಕಿ.ಮೀ.ಗೂ ಹೆಚ್ಚು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಅದೇ ಸೀಮೆಯ ಕಳಸಾ ಹಳ್ಳದ ನೀರು ಮಹದಾಯಿಗೆ ಹೋಗಿ, ಮಾಂಡೋವಿಯಾಗಿ ಪಣಜಿಯಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಪಕ್ಕಪಕ್ಕ ಬಿದ್ದ ಎರಡು ಹನಿಗಳು ದೇಶದ ಎರಡು ಅಂಚುಗಳಿಗೆ ಹೋಗುವ ಜಾಗ ಇದು. ಎರಡು ರಾಜ್ಯಗಳು ಇಷ್ಟು ವರ್ಷ ಜಗಳವಾಡುತ್ತಿರುವ ನೀರಿನ ಭೂಗೋಳ ಇಲ್ಲಿ ಬರಿಗಣ್ಣಿಗೇ ಅರ್ಥವಾಗುತ್ತದೆ. ಇತಿಹಾಸವೂ ಹತ್ತಿರದಲ್ಲೇ ಇದೆ. ಇದೇ ಖಾನಾಪುರ ತಾಲ್ಲೂಕಿನ ಹಲಸಿ, ಗೋವೆಯ ಕದಂಬರಿಗೆ ಘಟ್ಟದ ಮೇಲಿನ ರಾಜಧಾನಿಯಾಗಿತ್ತು. ಘಟ್ಟ ಹತ್ತಿ ಬರುವ ಗೋವಾದ ಸರ್ಕಾರಿ ಬಸ್ಸಿನ ಮೇಲೆ ಇಂದಿಗೂ ‘ಕದಂಬ’ ಎಂದು ಬರೆದಿದೆ.

ಜಾಗ ಮತ್ತು ನೆನಪು ಮಿದುಳಿನಲ್ಲಿ ಒಂದೇ ಮನೆಯವು. 1971ರಲ್ಲಿ ಜಾನ್ ಓಕೀಫ್ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಸ್ಥಳವನ್ನು ಗುರುತಿಸುವ ಕೋಶಗಳನ್ನು ಕಂಡುಹಿಡಿದರು, ಮೋಸರ್ ದಂಪತಿ 2005ರಲ್ಲಿ ಅದರ ಪಕ್ಕದ ಭಾಗದಲ್ಲಿ ಜಾಲಕೋಶಗಳನ್ನು ಕಂಡರು. ಮೂವರಿಗೂ 2014ರ ನೊಬೆಲ್ ಬಂತು. ಅದೇ ಹಿಪೊಕ್ಯಾಂಪಸ್ ಹೊಸ ನೆನಪುಗಳನ್ನೂ ಕಟ್ಟುತ್ತದೆ. 2017ರಲ್ಲಿ ಹ್ಯೂಗೊ ಸ್ಪಿಯರ್ಸ್ ತಂಡ ಲಂಡನ್ನಿನ ಸೋಹೋ ಬೀದಿಗಳನ್ನು ಬಳಸಿ ಮಾಡಿದ ಪ್ರಯೋಗದಲ್ಲಿ, ತಾವೇ ದಾರಿ ಹುಡುಕುವವರಲ್ಲಿ ಕವಲು ಬಂದಾಗಲೆಲ್ಲ ಈ ಭಾಗ ಚುರುಕಾಯಿತು. ದಾರಿ ತೋರಿಸುವ ಸ್ಯಾಟ್‌ನ್ಯಾವ್ ಹೇಳಿದಂತೆ ತಿರುಗಿದವರಲ್ಲಿ ಆ ಚುರುಕು ಕಾಣಲಿಲ್ಲ. ಘಟ್ಟದ ಕಾಡಿನಲ್ಲಿ ಮೊಬೈಲಿನ ಸಿಗ್ನಲ್ ಹೋದಾಗ ಗಾಡಿ ನಿಲ್ಲಿಸಿ ದಾರಿ ಕೇಳುವವರು ಅರಿವಿಲ್ಲದೆಯೇ ತಮ್ಮ ನೆನಪನ್ನು ಗಟ್ಟಿ ಮಾಡಿಕೊಳ್ಳುತ್ತಿರುತ್ತಾರೆ.

ಮಳೆಗಾಲದ ಗುಂಡಿಗಳಲ್ಲಿ ದಿನವೂ ಓಡಾಡುವವರ ಕಷ್ಟ ನಿಜ. ಡಾಂಬರು ಗಟ್ಟಿಯಾಗಲಿ, ಸೇತುವೆಗಳು ಭದ್ರವಾಗಲಿ. ಆದರೆ ಅಗಲಿಸುವ, ನೇರಗೊಳಿಸುವ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಈ ದಾರಿಗೆ ಹತ್ತಿರದ, 2011ರಲ್ಲಿ ಅಭಯಾರಣ್ಯವಾದ ಭೀಮಗಡದ ಕಾಡು. ಅಲ್ಲಿನ ಬಾರಾಪೇಡೆ ಗವಿಯಲ್ಲಿ ರೌಟನ್ ಬಾವಲಿ ಎಂಬ ಅಪರೂಪದ ಜೀವಿಯಿದೆ. ಹಲವು ದಶಕಗಳ ಕಾಲ ವಿಜ್ಞಾನಕ್ಕೆ ಅದು ಗೊತ್ತಿದ್ದದ್ದು ಈ ಒಂದೇ ಗವಿಯಿಂದ, ಆಮೇಲಷ್ಟೇ ಕಾಂಬೋಡಿಯಾ, ಮೇಘಾಲಯಗಳಲ್ಲಿ ಸಿಕ್ಕಿತು. ರಾತ್ರಿ ರಸ್ತೆ ದಾಟುವ ಕಡವೆ, ಹಾವು, ಕಪ್ಪೆಗಳಿಗೆ ಉಳಿವಿನ ಅವಕಾಶ ಕೊಡುವುದೂ ಇದೇ ತಿರುವು, ಇದೇ ನಿಧಾನ. ಘಟ್ಟದ ಪ್ರತಿ ತಿರುವು ನೇರವಾದಾಗ ಉಳಿಯುವ ಸಮಯ ಕೆಲವೇ ನಿಮಿಷ.