ನೆಲೆ ತಪ್ಪಿದ ಜೀವಕೋಶಗಳು

ದನಕರುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸುವ ರೈತಬಂಧುಗಳಲ್ಲಿ ಅದು ಸಿದ್ಧವಾಗುವ ಬಗೆಯನ್ನು ಬಲ್ಲವರು ವಿರಳ. ಈ ರೋಗದ ವೈರಾಣು ಜೀವಕೋಶದೊಳಗಲ್ಲದೆ ಬೆಳೆಯದು. ಬೆಳೆದ ವೈರಾಣುವನ್ನು ನಿಷ್ಕ್ರಿಯಗೊಳಿಸಿ ಲಸಿಕೆ ಮಾಡುತ್ತಾರೆ. ಹಿಂದೆ ನೆದರ್ಲೆಂಡ್ಸಿನ ಫ್ರೆಂಕೆಲ್ ಎಂಬ ವಿಜ್ಞಾನಿ ಕಸಾಯಿಖಾನೆಯಿಂದ ತಂದ ದನದ ನಾಲಿಗೆಯ ಮೇಲ್ಪದರದಲ್ಲಿ ಅದನ್ನು ಬೆಳೆಸಿದ್ದರು. 1962ರಲ್ಲಿ ಇಂಗ್ಲೆಂಡಿನ ಪಿರ್‌ಬ್ರೈಟ್‌ನ ಸಂಶೋಧಕರು, ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಮರಿಯ ಮೂತ್ರಪಿಂಡದಿಂದ ಬಂದ ಬಿಎಚ್‌ಕೆ-21 ಕೋಶಗಳನ್ನು ದ್ರವದಲ್ಲಿ ತೇಲಿಸಿಯೇ ಬೆಳೆಸಿ, ಅವುಗಳಲ್ಲಿ ಈ ವೈರಾಣು ವೃದ್ಧಿಯಾಗುವುದನ್ನು ತೋರಿಸಿದರು.

ಇದು ಸುಲಭದ ಮಾತಲ್ಲ. ಇಂಥ ಕೋಶವು ಸಹಜವಾಗಿ ಒಂದು ಆಧಾರಕ್ಕೆ ಅಂಟಿ, ಚಪ್ಪಟೆಯಾಗಿ ಹರಡಿಕೊಂಡು ಬಾಳುತ್ತದೆ. ಬದುಕಿ ಉಳಿಯಬೇಕೆಂಬ ಸಂಕೇತವೂ ಅದಕ್ಕೆ ಆ ಅಂಟಿನ ಮೂಲಕವೇ ತಲುಪುತ್ತದೆ. ಆಯುರ್ವೇದ ಓದಿದ ನನಗೆ ಇಲ್ಲಿ 'ಆಶ್ರಯ' ಎಂಬ ಮಾತು ನೆನಪಾಗುತ್ತದೆ. ಆಶ್ರಯ ಕಳಚಿದ ಕೋಶಗಳಲ್ಲಿ ಹೆಚ್ಚಿನವು ತಾವಾಗಿಯೇ ಸಾಯುತ್ತವೆ. ದೇಹಕ್ಕೆ ಇದೊಂದು ರಕ್ಷಣೆ. ಈ ಕಟ್ಟಳೆಯನ್ನು ಮೀರಿದ ಕ್ಯಾನ್ಸರ್ ಕೋಶವೇ ಬೇರೆಡೆ ಹೋಗಿ ನೆಲೆಸಬಲ್ಲದು. ತೇಲುತ್ತ ಬದುಕುಳಿದ ಕೆಲವು ಕೋಶಗಳು ಗುಂಡಗಾಗುತ್ತವೆ. ಅವುಗಳ ಒಳಗಿನ ಎಳೆಗಳ ಹಂದರ ಮರುಜೋಡಣೆಗೊಳ್ಳುತ್ತದೆ, ಹೊರಮೈಯ ಅಂಟುವ ಪ್ರೋಟೀನುಗಳು ಬದಲಾಗುತ್ತವೆ, ತಲೆಮಾರು ಕಳೆದಂತೆ ವರ್ಣತಂತುಗಳಲ್ಲೂ ವ್ಯತ್ಯಾಸ ಕಾಣಬಹುದು.

ತೊಡಕಿರುವುದು ಇಲ್ಲಿಯೇ. ವೈರಾಣು ಒಳಹೊಗಲು ಹಿಡಿಯುವುದು ಆ ಹೊರಮೈ ಪ್ರೋಟೀನುಗಳನ್ನೇ. ಅವು ಬದಲಾದರೆ ವೈರಾಣುವಿನ ಇಳುವರಿ ಕುಗ್ಗಬಹುದು. ಇಲ್ಲವೇ ವೈರಾಣುವೇ ಹೊಸ ಹಿಡಿಕೆಗೆ ಒಗ್ಗಿ ತನ್ನ ಕವಚವನ್ನು ಬದಲಿಸಿಕೊಳ್ಳಬಹುದು. ಆಗ ಲಸಿಕೆಯು ಕೊಟ್ಟಿಗೆಗೆ ಬಂದ ರೋಗಕ್ಕೆ ಹೊಂದದೆ ಹೋದೀತು. ಆದುದರಿಂದ ತಯಾರಕರು ಪರೀಕ್ಷಿಸಿದ ಕೋಶಗಳನ್ನು ದ್ರವ ಸಾರಜನಕದ ಶೀತದಲ್ಲಿ ಬೀಜದಂತೆ ಕಾದಿರಿಸಿ, ನಿಗದಿತ ತಲೆಮಾರುಗಳ ಬಳಿಕ ಮತ್ತೆ ಆ ಬೀಜದಿಂದಲೇ ಆರಂಭಿಸುತ್ತಾರೆ.