ಸಿಗ್ನಲ್ ಸುಳ್ಳಾಡದಂತೆ ಕಟ್ಟುವ ಬಗೆ

ಬೆಂಗಳೂರು–ಮೈಸೂರು ರೈಲುಮಾರ್ಗವು 1881–82ರಲ್ಲಿ ಮದ್ದೂರು, ಮಂಡ್ಯಗಳನ್ನು ಹಾದು ಸಿದ್ಧವಾಯಿತು. ಮಳವಳ್ಳಿಗೆ ಮಾತ್ರ ರೈಲು ಬರಲೇ ಇಲ್ಲ. ಅಲ್ಲಿಯ ಮಕ್ಕಳು ರೈಲು ಕಾಣಲು ಮದ್ದೂರಿಗೇ ಬರಬೇಕು. ಒಂಟಿ ಹಳಿಯ ಕಾಲದಲ್ಲಿ ಎದುರು ಗಾಡಿಗೆ ದಾರಿ ಬಿಡಲು ರೈಲುಗಳು ನಿಲ್ದಾಣದಲ್ಲಿ ಕಾಯುತ್ತಿದ್ದವು. ಮದ್ದೂರಿನ ವಡೆಗೆ ಅದರಿಂದ ಲಾಭವೇ ಆಗಿರಬೇಕು! ಇಂದು ಜೋಡಿ ಹಳಿಯೂ ಬಣ್ಣದ ದೀಪಗಳೂ ಬಂದಿವೆ. ಆದರೆ ಅವುಗಳ ಹಿಂದಿನ ತತ್ತ್ವ ಹಳೆಯ ಕೈಮರದ ಕಾಲದ್ದೇ. ರಜೆಯಲ್ಲಿ ಮಕ್ಕಳೊಡನೆ ಕುಳಿತು ರಟ್ಟಿನಲ್ಲಿ ಅದನ್ನು ಮಾಡಿ ನೋಡಬಹುದು.

ದಾರಿ ಸಿದ್ಧವಾಗದೆ ಸಿಗ್ನಲ್ ಬೀಳಬಾರದು. ಸಿಗ್ನಲ್ ಬಿದ್ದ ಮೇಲೆ ದಾರಿ ಕದಲಬಾರದು. ಇದನ್ನು ಮನುಷ್ಯನ ನೆನಪಿಗೆ ಬಿಡದೆ, ಪಾಯಿಂಟು ಮತ್ತು ಸಿಗ್ನಲ್‌ಗಳನ್ನು ಒಂದಕ್ಕೊಂದು ಬಿಗಿಯುವ ಯಂತ್ರಕ್ಕೆ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಪೇಟೆಂಟ್ ಪಡೆದರು. ಇದೇ ಇಂಟರ್‌ಲಾಕಿಂಗ್.

ಒಂದು ಮುಖ್ಯ ಮಾರ್ಗ, ಅದರಿಂದ ಕವಲೊಡೆದ ಒಂದು ಲೂಪ್ ಲೈನು ಇದೆಯೆನ್ನಿ. 1ನೆಯ ಲಿವರು ಮುಖ್ಯ ಮಾರ್ಗದ ಸಿಗ್ನಲ್‌ಗೆ, 2ನೆಯದು ಲೂಪ್ ಸಿಗ್ನಲ್‌ಗೆ, 3ನೆಯದು ಪಾಯಿಂಟಿಗೆ. ಕತ್ತರಿ ಹಿಡಿಯುವ ಮೊದಲು ನಿಯಮ ಬರೆದುಕೊಳ್ಳಬೇಕು: 1ನ್ನು ಎಳೆಯಲು 3 ಎಳೆಯದೆ ಇರಬೇಕು; 2ನ್ನು ಎಳೆಯಲು 3 ಎಳೆದಿರಬೇಕು. 1 ಮತ್ತು 2 ಒಟ್ಟಿಗೆ ಬಾರದಂತೆ ಬೇರೆ ತಡೆ ಬೇಕಿಲ್ಲ. 3 ಏಕಕಾಲಕ್ಕೆ ಎರಡು ಕಡೆ ಇರಲಾರದಷ್ಟೆ. ಈ ಮಿತವ್ಯಯವೇ ನಮಗೆ ಬಹಳ ಮೆಚ್ಚುಗೆಯಾದದ್ದು.

ಮೂರು ದಪ್ಪ ರಟ್ಟಿನ ಪಟ್ಟಿಗಳನ್ನು ಮೇಲೆ ಕೆಳಗೆ ಮಾತ್ರ ಜಾರುವಂತೆ 1, 3, 2 ಎಂಬ ಕ್ರಮದಲ್ಲಿ ನಿಲ್ಲಿಸಿ. 1 ಮತ್ತು 3ರ ನಡುವೆ ಒಂದು, 3 ಮತ್ತು 2ರ ನಡುವೆ ಒಂದು ಅಡ್ಡ ತುಂಡು. ಅವುಗಳ ತುದಿಗಳು ಮೊನೆಯಾಗಿರಲಿ, ಪಕ್ಕಕ್ಕೆ ಮಾತ್ರ ಸರಿಯಲಿ. ಪಟ್ಟಿಗಳ ಅಂಚಿನಲ್ಲಿ ಓರೆಯಾದ ಕಚ್ಚುಗಳು. ತುಂಡಿನ ಉದ್ದವು ನಡುವಿನ ಸಂದು ಮತ್ತು ಒಂದು ಕಚ್ಚಿನ ಆಳ ಕೂಡಿದಷ್ಟು. 1ನ್ನು ಎಳೆದರೆ ಅದರ ಕಚ್ಚು ತುಂಡನ್ನು ತಳ್ಳಿ 3ರ ಕಚ್ಚಿನೊಳಗೆ ಕೂರಿಸುತ್ತದೆ, 3 ಕದಲದು. 3ನ್ನು ಮೊದಲೇ ಎಳೆದಿದ್ದರೆ ಅದರ ಕಚ್ಚು ಎದುರಿಗಿಲ್ಲ, 1 ಬಾರದು. 2ರ ಕಡೆಗೆ ಮಾತ್ರ, 3ನ್ನು ಎಳೆದಾಗಲೇ ಎದುರಾಗುವ ಜಾಗದಲ್ಲಿ ಕಚ್ಚು ಕೊಯ್ಯಬೇಕು. ಬ್ಲೇಡಿನ ಕೆಲಸ ಹಿರಿಯರದಿರಲಿ.

ಮೂರು ಲಿವರುಗಳಿಗೆ ಒಟ್ಟು 8 ಸ್ಥಿತಿಗಳು. ಅವುಗಳಲ್ಲಿ 4 ಮಾತ್ರ ಸಾಧ್ಯವಾಗಬೇಕು. ಎಂಟನ್ನೂ ಮಕ್ಕಳೇ ಎಳೆದು ಪರೀಕ್ಷಿಸಲಿ.

ಇಷ್ಟಕ್ಕೆ ನಿಲ್ಲಬಾರದು. ಪಾಯಿಂಟಿಗೆ ಕಟ್ಟಿದ ದಾರವನ್ನು ಕತ್ತರಿಸಿ ನೋಡಿ. ಲಿವರು ಬರುತ್ತದೆ, ಸಿಗ್ನಲ್ ಬೀಳುತ್ತದೆ, ಹಳಿ ಮಾತ್ರ ಸರಿದಿಲ್ಲ! 2023ರ ಫೆಬ್ರವರಿ 8ರಂದು ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಿಗ್ನಲ್ ತೋರಿದ್ದು ಒಂದು ದಾರಿ, ಪಾಯಿಂಟು ಇದ್ದದ್ದು ಇನ್ನೊಂದು ದಾರಿಗೆ. ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ನ ಚಾಲಕರು ಎಚ್ಚರದಿಂದ ಗಾಡಿ ನಿಲ್ಲಿಸಿದರು. ಅದೇ ಜೂನ್ 2ರಂದು ಒಡಿಶಾದ ಬಹನಾಗಾ ಬಜಾರ್‌ನಲ್ಲಿ ಮುಖ್ಯ ಮಾರ್ಗಕ್ಕೆ ಹಸಿರು ಪಡೆದ ಕೋರಮಂಡಲ ಎಕ್ಸ್‌ಪ್ರೆಸ್ ಲೂಪ್ ಲೈನಿಗೆ ನುಗ್ಗಿ ಗೂಡ್ಸ್ ಗಾಡಿಗೆ ಬಡಿಯಿತು; 290ಕ್ಕೂ ಹೆಚ್ಚು ಮಂದಿ ಮಡಿದರು. ವಿದ್ಯುತ್ ತಂತಿಗಳ ತಪ್ಪು ಜೋಡಣೆ ಕಾರಣವೆಂದು ತನಿಖೆ ತಿಳಿಸಿತು.

ಆದ್ದರಿಂದಲೇ ಹಳೆಯ ಯಾರ್ಡುಗಳಲ್ಲಿ ಹಳಿಯ ಬಳಿಯೇ ಡಿಟೆಕ್ಟರ್ ಎಂಬ ಸಾಧನವಿರುತ್ತಿತ್ತು. ನಿಮ್ಮ ಮಾದರಿಯಲ್ಲೂ ಪಾಯಿಂಟಿನ ಹಳಿಗೇ ಕಚ್ಚುಳ್ಳ ಒಂದು ಪಟ್ಟಿ ಅಂಟಿಸಿ, ಸಿಗ್ನಲ್ ದಾರಕ್ಕೆ ಕಟ್ಟಿದ ಇನ್ನೊಂದು ಪಟ್ಟಿ ಆ ಕಚ್ಚಿನ ಮೂಲಕವೇ ಜಾರುವಂತೆ ಮಾಡಿರಿ. ಹಳಿ ನಿಜವಾಗಿ ಸರಿಯದಿದ್ದರೆ ಕಚ್ಚು ಎದುರಾಗದು, ದಾರ ಬಾರದು. ಕೈಮರದ ಹಿಂಬದಿಗೆ ಒಂದು ನಟ್ಟನ್ನು ತೂಕವಾಗಿ ಕಟ್ಟಿದರೆ, ಸಿಗ್ನಲ್‌ನ ದಾರ ಹರಿದಾಗಲೂ ಕೈ ತಾನಾಗಿ ಅಪಾಯದ ಸ್ಥಾನಕ್ಕೆ ಮರಳುತ್ತದೆ.