ಏಜೆಂಟರೋ, ಬ್ರೋಕರರೋ?

ಮನೆ ಮಾರಿಸುವವರನ್ನೆಲ್ಲ ನಾವು ದಲ್ಲಾಳಿ ಎಂದೇ ಕರೆಯುವುದು ರೂಢಿ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಆ ಒಂದು ಹೆಸರು ಸಾಲದು. ನಿಮ್ಮ ಮಗನೋ ಮಗಳೋ ಅಲ್ಲಿ ನೆಲೆಸಿ ಈ ವೃತ್ತಿಗೆ ಮನಸ್ಸು ಮಾಡಿದ್ದರೆ ಭೇದವನ್ನು ಅರಿತಿರಬೇಕು.

ಏಜೆಂಟರಾಗಲು 18 ವರ್ಷ ತುಂಬಿರಬೇಕು. ಮೂರು ವಿಷಯಗಳನ್ನು ಓದಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆದರೆ ಅವರು ಬ್ರೋಕರರೊಬ್ಬರ ಕೈಕೆಳಗೇ ದುಡಿಯತಕ್ಕದ್ದು. ಗಿರಾಕಿಯಿಂದ ನೇರವಾಗಿ ಕಮಿಷನ್ ಪಡೆಯುವಂತಿಲ್ಲ. ಹಣ ಬ್ರೋಕರರಿಗೆ ಸಂದು, ಒಪ್ಪಂದದಂತೆ ಪಾಲು ಏಜೆಂಟರಿಗೆ ಬರುತ್ತದೆ. ಬ್ರೋಕರರಾಗಲು ಎಂಟು ವಿಷಯಗಳ ವ್ಯಾಸಂಗ, ಸಾಮಾನ್ಯವಾಗಿ ಎರಡು ವರ್ಷಗಳ ಅನುಭವ, ಮತ್ತೊಂದು ಪರೀಕ್ಷೆ.

ಪಾಲು ಕೊಡುವುದು ತಪ್ಪೀತೆಂದು ಅದಕ್ಕೆ ಹಾತೊರೆಯುವವರುಂಟು. ಕೈಕೆಳಗಿನ ಏಜೆಂಟರ ಮೇಲ್ವಿಚಾರಣೆಯ ಹೊಣೆ ಕಾನೂನಿನಂತೆ ಬ್ರೋಕರರದೇ ಎಂಬುದನ್ನು ಅವರು ಯೋಚಿಸುವುದಿಲ್ಲ! ಹೊಸಬರಿಗೆ ಮೊದಲು ಒಳ್ಳೆಯ ಬ್ರೋಕರರ ಆಶ್ರಯವೇ ಲೇಸು. ಮುಂದೆ ಬ್ರೋಕರರ ಪರವಾನಗಿ ಪಡೆದ ಮೇಲೂ ಇನ್ನೊಬ್ಬರ ಕಛೇರಿಯಲ್ಲಿ ದುಡಿಯಲು ಅಡ್ಡಿಯಿಲ್ಲ.